ಹಿಮ ಬಿದ್ದ ಮೇಲಿನ ಕತೆ

ಕಾಶ್ಮೀರದ ಗುಲ್ಮಾರ್ಗ್‌ಗೆ ಹೊರಡುವ ವಾರ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬೇರೆ ಮಾತೇ ಇರಲಿಲ್ಲ. ಬೆಳಗ್ಗೆ ಎದ್ದ ಕೂಡಲೇ ಒಬ್ಬ ಹವಾಮಾನದ ಆ್ಯಪ್‌ನ ಸ್ಕ್ರೀನ್‌ಶಾಟ್ ಹಾಕುತ್ತಿದ್ದ. ಗುರುವಾರ 40 ಸೆಂಟಿಮೀಟರ್ ಹಿಮ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಅರ್ಧ ಗಂಟೆ ಬಿಟ್ಟು ಇನ್ನೊಬ್ಬಳು ಬೇರೆ ಆ್ಯಪ್‌ನದ್ದು ಹಾಕುತ್ತಿದ್ದಳು. ಅದೇ ಗುರುವಾರ, 12 ಸೆಂಟಿಮೀಟರ್. ಮೂರನೆಯವನ ಫೋನಿನಲ್ಲಿ ಅದೇ ಗುರುವಾರ ಮಳೆ. ಸ್ಕೀ ಮಾಡೋಕೆ ಅಂತ ಸಾಲ ಮಾಡಿ ಜಾಕೆಟ್ ತಗೊಂಡವನಿಗೆ ಮಳೆಯ ಚಿತ್ರ ತೋರಿಸಿದರೆ ಹೇಗಾಗಬೇಡ! ಯಾವ ಆ್ಯಪ್ ಒಳ್ಳೇದು, ಯಾವುದು ಬೊಗಳೆ ಅನ್ನೋ ಜಗಳ ವಿಮಾನ ಹತ್ತುವವರೆಗೂ ಮುಗಿಯಲಿಲ್ಲ. ಮೂರೂ ಒಂದೇ ಸಲ ನಿಜ ಇರಬಹುದು ಅನ್ನೋದು ಯಾರಿಗೂ ಹೊಳೆಯಲಿಲ್ಲ.

ಆಮೇಲೆ ಕೆಲವು ಚಳಿಗಾಲ ಅಲ್ಲಿಗೆ ಹೋಗಿ ಬಂದೆ. ಪ್ರತಿ ಸಲವೂ ಒಂದು ವಿಷಯ ಕಣ್ಣಿಗೆ ಬೀಳುತ್ತಿತ್ತು. ಬಯಲಿನಿಂದ ಹೋಗುವ ನಾವೆಲ್ಲ ಕೇಳುವುದು ಒಂದೇ ಪ್ರಶ್ನೆ, ಎಷ್ಟು ಬೀಳುತ್ತೆ ಅಂತ. ಅಲ್ಲೇ ಹುಟ್ಟಿ, ಅಲ್ಲೇ ಸ್ಕೀ ಕಲಿಸಿ ಬದುಕುವವರು ಅದನ್ನು ಕೇಳುವುದು ತೀರಾ ಕಡಿಮೆ. ಗಾಳಿ ಯಾವ ಕಡೆಯಿಂದ? ಬೀಳೋಕೆ ಶುರುವಾದಾಗ ಎಷ್ಟು ಚಳಿ ಇತ್ತು, ನಿಂತಾಗ ಎಷ್ಟಿತ್ತು? ಕೆಳಗೆ ಮುಂಚೆ ಏನಿತ್ತು? ಅವರ ಲೆಕ್ಕ ಪೂರ್ತಿ ಬೇರೆ. ಹಿಮ ಬೀಳುವುದು ಒಂದು ರಾತ್ರಿಯ ಕೆಲಸ. ಬಿದ್ದ ಮೇಲೆ ಅದು ವಾರಗಟ್ಟಲೆ, ತಿಂಗಳುಗಟ್ಟಲೆ ಅಲ್ಲೇ ಇದ್ದು ಬದಲಾಗುತ್ತಾ ಹೋಗುತ್ತದೆ. ಫೋನ್ ಹೇಳುವುದು ಆ ಒಂದು ರಾತ್ರಿಯ ಸುದ್ದಿ ಮಾತ್ರ. ನಾವು ಸ್ಕೀ ಮಾಡುವುದು ಆಮೇಲಿನ ಕತೆಯ ಮೇಲೆ.

ಒಂದೇ ಹೆಸರು, ಬೇರೆ ಬೇರೆ ಎತ್ತರ

ಗುಲ್ಮಾರ್ಗ್ ಊರು ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ಗೊಂಡೋಲಾ ಅನ್ನುವ ಕೇಬಲ್ ಕಾರಿನ ಮೊದಲ ಹಂತ ಹತ್ತಿದರೆ ಕಾಂಗ್ಡೋರಿ, ಅದು 3,100 ಮೀಟರ್ ಹತ್ತಿರ. ಎರಡನೇ ಹಂತ ಅಫರ್ವತ್ ಬೆಟ್ಟದ ಹೆಗಲಿಗೆ ಒಯ್ದು ಬಿಡುತ್ತದೆ, ಹೆಚ್ಚುಕಡಿಮೆ 3,950 ಮೀಟರ್. ಮೊದಲ ಹಂತ ಶುರುವಾಗಿದ್ದು 1998ರಲ್ಲಿ, ಎರಡನೆಯದು 2005ರಲ್ಲಿ. ಹಾಗಾಗಿ ಈಗ ಗುಲ್ಮಾರ್ಗ್ ಅನ್ನುವ ಒಂದೇ ಹೆಸರಿನೊಳಗೆ 1,300 ಮೀಟರ್ ಏರು ಸೇರಿಕೊಂಡಿದೆ. ಮೇಲೆ ಹೋದ ಹಾಗೆ ಪ್ರತಿ ಸಾವಿರ ಮೀಟರಿಗೆ ಗಾಳಿ ಸರಾಸರಿ ಆರೂವರೆ ಡಿಗ್ರಿ ತಣ್ಣಗಾಗುತ್ತದೆ. ಲೆಕ್ಕ ಹಾಕಿ, ಬುಡಕ್ಕೂ ತುದಿಗೂ ಎಂಟು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ. ಹೋಟೆಲ್ ಬಾಗಿಲಲ್ಲಿ 2 ಡಿಗ್ರಿ, ಹಿಮವೂ ಅಲ್ಲ ಮಳೆಯೂ ಅಲ್ಲದ ಏನೋ ಒಂದು ಬೀಳುತ್ತಿರುತ್ತದೆ, ಶೂ ಒದ್ದೆ. ಅದೇ ಹೊತ್ತಿಗೆ ಮೇಲೆ ಮೈನಸ್ 6, ಒಣ ಹಿಮ. ಕೆಳಗೆ ನಿಂತು ‘ಛೇ, ಹಾಳಾಯ್ತು’ ಅಂತ ಬೇಜಾರು ಮಾಡಿಕೊಳ್ಳುವವರಿಗೆ ತಲೆ ಮೇಲೆ ಒಂದೂಕಾಲು ಕಿಲೋಮೀಟರ್ ಎತ್ತರದಲ್ಲಿ ಏನು ನಡೆಯುತ್ತಿದೆ ಅಂತ ಗೊತ್ತಾಗುವುದಿಲ್ಲ. ಮೋಡ ಮುಚ್ಚಿರುತ್ತದಲ್ಲ.

ಇನ್ನು ಆ್ಯಪ್‌ಗಳ ವಿಷಯ. ಮುನ್ಸೂಚನೆ ಕೊಡುವ ಕಂಪ್ಯೂಟರ್ ಮಾದರಿಗಳು ಭೂಮಿಯನ್ನು ಚೌಕಗಳಾಗಿ ಕತ್ತರಿಸಿಕೊಳ್ಳುತ್ತವೆ. ಯುರೋಪಿನ ಹವಾಮಾನ ಕೇಂದ್ರದ ಮಾದರಿಯ ಚೌಕ ಸುಮಾರು 9 ಕಿಲೋಮೀಟರ್. ನಮ್ಮ ದೇಶದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ 2025ರ ಮೇ ತಿಂಗಳಲ್ಲಿ ಬಂತು, ಅದರದ್ದು 6 ಕಿಲೋಮೀಟರ್. ಅದಕ್ಕೆ ಮುಂಚೆ ನಮ್ಮದು 12 ಇತ್ತು. ಗೊಂಡೋಲಾದ ಎರಡೂ ಹಂತದ ಹಗ್ಗ ಸೇರಿಸಿದರೆ 5 ಕಿಲೋಮೀಟರ್ ಆಸುಪಾಸು. ಅಂದರೆ ಊರು, ಕಾಡು, ಕಾಂಗ್ಡೋರಿ, ಅಫರ್ವತ್‌ನ ಬೋಳು ತಲೆ, ಎಲ್ಲವೂ ಒಂದೇ ಚೌಕದೊಳಗೆ ಬಿದ್ದುಬಿಡಬಹುದು. ಮಾದರಿಯ ಕಣ್ಣಿಗೆ ಅಲ್ಲಿ ಬೆಟ್ಟದ ಚೂಪು ತುದಿಯೇ ಇಲ್ಲ, ಸರಾಸರಿ ಎತ್ತರದ ಒಂದು ದಿಬ್ಬ ಇದೆ ಅಷ್ಟೆ. ಕೆಲವು ಆ್ಯಪ್ ಆ ದಿಬ್ಬದ ಉಷ್ಣಾಂಶವನ್ನೇ ಹಾಗೇ ತೋರಿಸುತ್ತವೆ. ಕೆಲವು ಊರಿನ ಎತ್ತರಕ್ಕೆ ಇಳಿಸಿ ತೋರಿಸುತ್ತವೆ. ಸ್ಕೀ ಮಾಡುವವರಿಗಾಗಿಯೇ ಇರುವ ಕೆಲವು ಆ್ಯಪ್‌ಗಳಲ್ಲಿ ಬುಡ, ನಡು, ತುದಿ ಅಂತ ಮೂರು ಆಯ್ಕೆ ಇರುತ್ತವೆ. ನಮ್ಮ ಗುಂಪಿನ ಮೂರು ಸ್ಕ್ರೀನ್‌ಶಾಟ್‌ಗಳ ಗುಟ್ಟು ಇದೇ. ಮಳೆ ಅಂದದ್ದು ಊರಿಗೆ. ನಲವತ್ತು ಅಂದದ್ದು ತುದಿಗೆ. ಹನ್ನೆರಡು ಬಹುಶಃ ಆ ಕಾಲ್ಪನಿಕ ದಿಬ್ಬಕ್ಕೆ. ಎತ್ತರ ಹೇಳದ ಅಂಕಿಯನ್ನು ನಾನು ಈಗ ಓದುವುದೇ ಇಲ್ಲ.

ಒಂದು ಅಂಕಿ ಮಾತ್ರ ಯಾವಾಗಲೂ ಉಪಯೋಗಕ್ಕೆ ಬರುತ್ತದೆ. ಸೊನ್ನೆ ಡಿಗ್ರಿ ಯಾವ ಎತ್ತರದಲ್ಲಿದೆ ಅನ್ನೋದು. ಸಾಮಾನ್ಯವಾಗಿ ಅದಕ್ಕಿಂತ 200-300 ಮೀಟರ್ ಕೆಳಗಿನ ತನಕ ಹಿಮ ಕರಗದೆ ಬರುತ್ತದೆ. ಜೋರಾಗಿ ಬೀಳುತ್ತಿದ್ದರೆ ಇನ್ನೂ ಕೆಳಗೆ ಬರುತ್ತದೆ, ಯಾಕಂದರೆ ಕರಗುವ ಹಿಮ ಸುತ್ತಲಿನ ಗಾಳಿಯನ್ನೇ ತಣ್ಣಗೆ ಮಾಡುತ್ತಾ ಬರುತ್ತದೆ. ಸಂಜೆ ಮಳೆಯಾಗಿ ಶುರುವಾಗಿದ್ದು ರಾತ್ರಿ ಹತ್ತಕ್ಕೆ ಹಿಮವಾಗಿ ತಿರುಗುವುದು ಎಷ್ಟೋ ಸಲ ಹೀಗೇ.

ಮೆಡಿಟರೇನಿಯನ್‌ನಿಂದ ಹೊರಟ ಸುದ್ದಿ

ಕಾಶ್ಮೀರಕ್ಕೆ ಚಳಿಗಾಲದಲ್ಲಿ ಹಿಮ ತರುವುದು ವೆಸ್ಟರ್ನ್ ಡಿಸ್ಟರ್ಬೆನ್ಸ್, ಅಂದರೆ ಪಶ್ಚಿಮದಿಂದ ಮೋಡ ಹೊತ್ತು ಬರುವ ಕಡಿಮೆ ಒತ್ತಡದ ಗಾಳಿಯ ಅಲೆ. ಚಳಿಗಾಲದಲ್ಲಿ ಟಿವಿ ಸುದ್ದಿ ನೋಡುವವರಿಗೆಲ್ಲ ಗೊತ್ತಿರುವ ಹೆಸರು. ಮೆಡಿಟರೇನಿಯನ್ ಕಡೆ ಹುಟ್ಟಿ, ಇರಾನ್, ಅಫ್ಘಾನಿಸ್ತಾನ ದಾಟಿ ಬರುತ್ತದೆ. ಇಷ್ಟು ದೂರದಿಂದ ಬರುವ ಕಾರಣಕ್ಕೆ ಅದರಲ್ಲಿ ಒಂದು ಅನುಕೂಲ ಇದೆ. ಬರುತ್ತಿದೆ ಅನ್ನೋದು ಐದಾರು ದಿನ ಮುಂಚೆಯೇ ಗೊತ್ತಾಗುತ್ತದೆ. ಶ್ರೀನಗರದ ಹವಾಮಾನ ಕೇಂದ್ರ ‘ಇಂಥ ದಿನದಿಂದ ಇಂಥ ದಿನದವರೆಗೆ ಹಿಮಪಾತ’ ಅಂದರೆ ಸಾಮಾನ್ಯವಾಗಿ ಏನೋ ಒಂದು ಬಂದೇ ಬರುತ್ತದೆ. ಎಷ್ಟು ಬರುತ್ತದೆ ಅನ್ನೋದು ಬೇರೆ ಮಾತು. ಅದರ ದಾರಿ ನೂರು ಕಿಲೋಮೀಟರ್ ಅತ್ತಿತ್ತ ಆದರೆ ಸಾಕು, ಗುಲ್ಮಾರ್ಗ್ ಇರುವ ಪೀರ್ ಪಂಜಾಲ್ ಬೆಟ್ಟಸಾಲಿಗೆ ಮೋಡ ತಾಗುವ ರೀತಿಯೇ ಬದಲಾಗುತ್ತದೆ. ಅದು ತಿಳಿಯುವುದು ಕೊನೆಯ ಒಂದೆರಡು ದಿನದಲ್ಲಿ.

ಇದಕ್ಕೇ ದೊಡ್ಡ ಕೇಂದ್ರಗಳು ಒಂದೇ ಲೆಕ್ಕವನ್ನು ಹಲವು ಸಲ ಮಾಡುತ್ತವೆ. ಯುರೋಪಿನ ಕೇಂದ್ರ ಪ್ರತಿ ಸಲವೂ 51 ಬಾರಿ ಓಡಿಸುತ್ತದೆ. ಒಂದೊಂದು ಸಲ ಶುರುವಿನ ಅಂಕಿಗಳನ್ನು ಚೂರು ಅಲುಗಾಡಿಸಿ ನೋಡುತ್ತದೆ. 51ರಲ್ಲಿ ಹೆಚ್ಚಿನವು 20ರಿಂದ 30 ಸೆಂಟಿಮೀಟರ್ ಅಂದರೆ ನಂಬಬಹುದು. ಅರ್ಧದಷ್ಟು ಏನೂ ಇಲ್ಲ ಅಂದು, ಉಳಿದರ್ಧ 50 ಅಂದರೆ? ಸರಾಸರಿ 25 ಬರುತ್ತದೆ, ಆ್ಯಪ್ ಅದನ್ನೇ ತೋರಿಸುತ್ತದೆ. ಆದರೆ 25 ಬೀಳುತ್ತೆ ಅಂತ ಅವುಗಳಲ್ಲಿ ಯಾವುದೂ ಹೇಳಿಯೇ ಇಲ್ಲ! ಪರದೆಯ ಮೇಲಿನ ಆ 25 ಎಷ್ಟು ಮುದ್ದಾಗಿ ಕೂತಿರುತ್ತದೆ ಅಂದರೆ ಅದರ ಹಿಂದಿನ ಗಲಾಟೆ ಗೊತ್ತಾಗುವುದೇ ಇಲ್ಲ. ಹತ್ತು ದಿನ ಆಚೆಯ ಹಿಮವನ್ನು ಸೆಂಟಿಮೀಟರ್ ಲೆಕ್ಕದಲ್ಲಿ ತೋರಿಸುವ ಆ್ಯಪ್‌ಗಳ ಬಗ್ಗೆ ನನಗೆ ಸಿಟ್ಟಿದೆ. ಟಿಕೆಟ್ ಮಾಡಿಸಿದವರ ಆಸೆ ಮೇಲೆ ಬದುಕುವ ಅಂಕಿಗಳು ಅವು.

ನೀರಿನ ಲೆಕ್ಕ, ಹಿಮದ ಲೆಕ್ಕ

ಮಾದರಿಗಳು ಮೂಲದಲ್ಲಿ ಲೆಕ್ಕ ಹಾಕುವುದು ನೀರನ್ನು, ಮಿಲಿಮೀಟರಿನಲ್ಲಿ. ಅದನ್ನು ಹಿಮ ಮಾಡುವುದು ಆಮೇಲಿನ ಕೆಲಸ. ಹಳೆಯ ಲೆಕ್ಕ ಒಂದಕ್ಕೆ ಹತ್ತು, ಅಂದರೆ 10 ಮಿಲಿಮೀಟರ್ ನೀರಿಗೆ 10 ಸೆಂಟಿಮೀಟರ್ ಹಿಮ. ಸೊನ್ನೆಯ ಆಸುಪಾಸಿನಲ್ಲಿ ಬೀಳುವ ಒದ್ದೆ ಹಿಮ ಅಷ್ಟೇ ನೀರಿಗೆ ಐದಾರು ಸೆಂಟಿಮೀಟರಿಗೆ ನಿಲ್ಲಬಹುದು. ಒಳ್ಳೆ ಚಳಿಯಲ್ಲಿ, ಗಾಳಿ ಇಲ್ಲದೆ ಬಿದ್ದರೆ 20 ಸೆಂಟಿಮೀಟರ್ ದಾಟಬಹುದು. ನೀರು ಒಂದೇ, ಆಳ ನಾಲ್ಕು ಪಟ್ಟು ವ್ಯತ್ಯಾಸ. ಸ್ಕೀ ಮಾಡುವವರಿಗೆ ಇದು ಬರೀ ಆಳದ ಪ್ರಶ್ನೆ ಅಲ್ಲ, ಕಾಲಿಗೆ ಹೇಗೆ ಸಿಗುತ್ತದೆ ಅನ್ನೋ ಪ್ರಶ್ನೆ. ಒದ್ದೆ ಹಿಮ ಸ್ಕೀ ಅಡಿ ಹಿಡಿದುಕೊಳ್ಳುತ್ತದೆ, ಮೊಣಕಾಲು ತಿರುಗಿಸಲು ಬಿಡುವುದಿಲ್ಲ. ಒಣ ಹಿಮದಲ್ಲಿ ಇಳಿದರೆ ಎದೆಮಟ್ಟಕ್ಕೆ ಹಾರುತ್ತದೆ, ಕಾಲಿಗೆ ಭಾರವೇ ಅನ್ನಿಸುವುದಿಲ್ಲ.

ಇದರಲ್ಲಿ ನನಗೆ ಅತಿ ಇಷ್ಟವಾದ ವಿಷಯ ಒಂದಿದೆ. ಒಂದೇ ಹಿಮಪಾತದೊಳಗೆ ಚಳಿ ಏರುತ್ತಾ ಹೋಯಿತೋ ಇಳಿಯುತ್ತಾ ಹೋಯಿತೋ ಅಂತ ನೋಡಬೇಕು. ಬೆಚ್ಚಗೆ ಶುರುವಾಗಿ ತಣ್ಣಗೆ ಮುಗಿದರೆ ಭಾರದ ಹಿಮ ಕೆಳಗೆ, ಹಗುರ ಹಿಮ ಮೇಲೆ. ಭಾರದ್ದು ಹಳೇ ಪದರಕ್ಕೆ ಅಂಟಿಕೊಳ್ಳುತ್ತದೆ, ಹಗುರದ್ದು ಮೇಲೆ ಕೂರುತ್ತದೆ. ಸ್ಕೀ ಮಾಡಲು ಇದಕ್ಕಿಂತ ಬೇಕಾ? ತಣ್ಣಗೆ ಶುರುವಾಗಿ ಬೆಚ್ಚಗೆ ಮುಗಿದರೆ ತಲೆಕೆಳಗು. ಹಗುರದ್ದರ ಮೇಲೆ ಭಾರ ಹೇರಿದ ಹಾಗಾಗಿ ಸ್ಕೀ ಒಳಗೆ ಹೂತುಹೋಗುತ್ತದೆ, ಇಳಿಜಾರಲ್ಲಿ ಜಾರಲು ಕಾದು ಕೂತಿರುತ್ತದೆ. ಎರಡೂ ದಿನ ಫೋನಿನಲ್ಲಿ ಒಂದೇ ಅಂಕಿ: 30 ಸೆಂಟಿಮೀಟರ್. ವೆಸ್ಟರ್ನ್ ಡಿಸ್ಟರ್ಬೆನ್ಸ್ ಬರುವಾಗ ಮುಂಭಾಗದಲ್ಲಿ ಬೆಚ್ಚನೆ ಗಾಳಿ ತಂದು, ದಾಟಿದ ಮೇಲೆ ಹಿಂದೆ ತಣ್ಣನೆ ಗಾಳಿ ಬಿಡುವುದೇ ಜಾಸ್ತಿ. ಗುಲ್ಮಾರ್ಗ್‌ನ ಹಿಮಕ್ಕೆ ಹೆಸರು ಬಂದಿರುವುದರಲ್ಲಿ ಇದರ ಪಾಲೂ ಇರಬೇಕು. ಗಂಟೆವಾರು ಉಷ್ಣಾಂಶದ ಗೆರೆಯನ್ನು ನೋಡಿದರೆ ಇದು ತಿಳಿಯುತ್ತದೆ, ಯಾರೂ ನೋಡುವುದಿಲ್ಲ ಅಷ್ಟೆ. ಎಲ್ಲರ ಕಣ್ಣೂ ಹಿಮದ ಚಿಹ್ನೆ ಮೇಲೆ.

ಬಿಸಿಲಿತ್ತು, ಗೊಂಡೋಲಾ ಇರಲಿಲ್ಲ

ಒಂದು ಬೆಳಗ್ಗೆ ನೆನಪಾಗುತ್ತದೆ. ರಾತ್ರಿಯೆಲ್ಲ ಬಿದ್ದು, ಬೆಳಗಿನ ಜಾವ ನಿಂತಿತ್ತು. ಎದ್ದರೆ ಕಣ್ಣು ಕುಕ್ಕುವ ನೀಲಿ ಆಕಾಶ. ಗೊಂಡೋಲಾ ನಿಲ್ದಾಣದಲ್ಲಿ ಆಗಲೇ ಉದ್ದನೆ ಸಾಲು. ಎಲ್ಲರ ಮುಖದಲ್ಲೂ ಹಬ್ಬದ ಕಳೆ. ಫೋನಿನಲ್ಲಿ ಸೂರ್ಯನ ಚಿತ್ರ, ಗಾಳಿ ಗಂಟೆಗೆ 12 ಕಿಲೋಮೀಟರ್. ನಮ್ಮ ಜೊತೆ ಇದ್ದ ಗೈಡ್ ಅರವತ್ತು ದಾಟಿದ ಮನುಷ್ಯ, ನಾವೆಲ್ಲ ಚಾಚಾ ಅನ್ನುತ್ತಿದ್ದೆವು. ಅವರು ಸಾಲಿನಲ್ಲಿ ನಿಲ್ಲದೆ ಪಕ್ಕಕ್ಕೆ ಬಂದು, ಕೈಯನ್ನು ಹಣೆಗೆ ಅಡ್ಡ ಹಿಡಿದು ಅಫರ್ವತ್ ಕಡೆ ನೋಡುತ್ತಾ ನಿಂತರು.

‘ಎರಡನೇ ಹಂತ ಬಿಡಲ್ಲ ಸಾಬ್. ಮಧ್ಯಾಹ್ನದ ತನಕ ಅಂತೂ ಇಲ್ಲ.’

ನನ್ನ ಗೆಳೆಯ ಬಿಡುವವನಲ್ಲ. ‘ಏನ್ ಚಾಚಾ, ಇಷ್ಟು ಬಿಸಿಲಿದೆ. ಗಾಳಿನೂ ಇಲ್ಲ.’

‘ಆ ತುದಿ ನೋಡಿ. ಬಿಳಿ ಧೂಳು ಏಳ್ತಿದೆಯಲ್ಲ, ಅದು ನಿನ್ನೆ ರಾತ್ರಿ ಬಿದ್ದ ಹಿಮ. ನೀವು ಹುಡುಕಿಕೊಂಡು ಬಂದಿದ್ದು ಅದನ್ನೇ.’

ನೋಡಿದೆ. ಬೆಟ್ಟದ ಏಣಿನ, ಅಂದರೆ ನೆತ್ತಿಯ ಅಂಚಿನ, ಉದ್ದಕ್ಕೂ ತೆಳ್ಳನೆ ಬಿಳಿ ಪಟ್ಟಿ ನಮ್ಮ ಕಡೆಗೆ ಹಾರುತ್ತಿತ್ತು. ಇಷ್ಟು ಕೆಳಗಿಂದ ನೋಡಿದರೆ ಅಲುಗಾಡುತ್ತಲೇ ಇಲ್ಲ ಅನ್ನಿಸುವಷ್ಟು ನಿಧಾನ. ಹತ್ತಿರದಲ್ಲಿ ಅದರ ವೇಗ ಎಷ್ಟಿರಬಹುದು ಅಂತ ಆಮೇಲೆ ಒಂದು ಸಲ ಮೇಲೆ ಹೋದಾಗ ಮುಖಕ್ಕೆ ಬಡಿಸಿಕೊಂಡು ಗೊತ್ತಾಯಿತು. ಚಾಚಾ ಬೆರಳು ಕೆಳಗಿಳಿಸಿ ಏಣಿನ ಅಡಿಯ ಕೊರಕಲುಗಳನ್ನು ತೋರಿಸಿದರು. ಅಲ್ಲಿ ಅಂಚುಗಳೆಲ್ಲ ಉಬ್ಬಿ ದುಂಡಗಾಗಿದ್ದವು. ‘ಅಲ್ಲಿ ಬಂದು ಕೂರ್ತಿದೆ. ಇವತ್ತು ಬಿಟ್ಟರೂ ನಾನು ಆ ಕಡೆ ಕರ್ಕೊಂಡು ಹೋಗಲ್ಲ.’ ಹನ್ನೊಂದರವರೆಗೆ ಸಾಲಿನಲ್ಲಿ ನಿಂತವರು ಹಾಗೇ ವಾಪಸ್ ಬಂದರು. ನಾವು ಮೊದಲ ಹಂತದ ಕಾಡಿನ ಪಕ್ಕದಲ್ಲೇ ಇಳಿದು ಏರಿ ದಿನ ಕಳೆದೆವು. ಮರಗಳ ಮಧ್ಯೆ ಗಾಳಿ ಮುಟ್ಟಿರಲಿಲ್ಲ, ಅಲ್ಲಿನ ಹಿಮ ಬಿದ್ದ ಹಾಗೇ ಇತ್ತು.

ಫೋನ್ ಸುಳ್ಳು ಹೇಳಿರಲಿಲ್ಲ. ಅದು ತೋರಿಸುವುದು ನೆಲದಿಂದ ಹತ್ತು ಮೀಟರ್ ಮೇಲಿನ ಗಾಳಿ, ಅದೂ ಆ ಚಪ್ಪಟೆ ಮಾಡಿದ ದಿಬ್ಬದ ಮೇಲಿನದ್ದು. ಏಣಿನ ಗಾಳಿ ಬೇಕಾದರೆ ಎತ್ತರದ ಗಾಳಿಯ ನಕ್ಷೆ ತೆಗೆಯಬೇಕು. ಅದರಲ್ಲಿ ಎತ್ತರವನ್ನು ಗಾಳಿಯ ಒತ್ತಡದ ಅಳತೆಯಲ್ಲಿ ಹೇಳಿರುತ್ತಾರೆ. 700 ಹೆಕ್ಟೋಪ್ಯಾಸ್ಕಲ್ ಅಂತ ಇರುವುದು ಸುಮಾರು 3,000 ಮೀಟರಿನದ್ದು, 600 ಅಂದರೆ 4,000ದ ಆಸುಪಾಸು. ಅಫರ್ವತ್‌ಗೆ ಎರಡನೆಯದು. ಗಂಟೆಗೆ 25-30 ಕಿಲೋಮೀಟರ್ ದಾಟಿದರೆ ಒಣ ಹಿಮ ನೆಲ ಬಿಟ್ಟು ಏಳುತ್ತದೆ. ಗಾಳಿ ಬರುವ ಕಡೆಯ ಇಳಿಜಾರು ಬೋಳಾಗುತ್ತದೆ, ಮರೆಯ ಕಡೆ ತುಂಬುತ್ತದೆ. ಪಶ್ಚಿಮದ ಗಾಳಿಗೆ ಪೂರ್ವದ ಇಳಿಜಾರು ತುಂಬುತ್ತದೆ. ಆಕಾಶದಿಂದ ಬೀಳುವುದಕ್ಕಿಂತ ಹಲವು ಪಟ್ಟು ವೇಗದಲ್ಲಿ, ಆಕಾಶದಲ್ಲಿ ಒಂದು ಮೋಡವೂ ಇಲ್ಲದಿರುವಾಗ. ಜೊತೆಗೆ ಹಾರುವಾಗ ಹಿಮದ ಹರಳುಗಳ ಕೊಂಬೆಗಳೆಲ್ಲ ಮುರಿದು ಪುಡಿಯಾಗುತ್ತವೆ. ಪುಡಿ ಒತ್ತಾಗಿ ಕೂತು ಹಲಗೆ ಕಟ್ಟುತ್ತದೆ. ಹಿಮಕುಸಿತಕ್ಕೆ ಬೇಕಾಗುವುದು ಇಂಥ ಹಲಗೆಯೇ. ಬಿದ್ದದ್ದು 20 ಸೆಂಟಿಮೀಟರ್ ಅಂತ ವರದಿ ಇದ್ದ ದಿನ ಏಣಿನ ಮೇಲೆ ಕಲ್ಲು ಕಾಣಬಹುದು, ಕೊರಕಲಲ್ಲಿ ಆಳೆತ್ತರ ಇರಬಹುದು.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ‘ಅನುಭವಕ್ಕೆ ಬರುವ ಉಷ್ಣಾಂಶ’ ಅಂತ ಇನ್ನೊಂದು ಅಂಕಿ ತೋರಿಸುತ್ತಾರಲ್ಲ, ಅದು ಚರ್ಮಕ್ಕೆ ಸಂಬಂಧಪಟ್ಟದ್ದು. ಮೈನಸ್ 10ರಲ್ಲಿ 30 ಕಿಲೋಮೀಟರ್ ಗಾಳಿ ಇದ್ದರೆ ಕೆನ್ನೆಗೆ ಮೈನಸ್ 20 ಅನ್ನಿಸುತ್ತದೆ. ಹಿಮಕ್ಕೆ ಅನ್ನಿಸುವುದಿಲ್ಲ. ಕೈಗವಸು ಯಾವುದು ಅಂತ ತೀರ್ಮಾನ ಮಾಡಲು ಆ ಅಂಕಿ, ಹಿಮ ಹೇಗಿರುತ್ತದೆ ಅನ್ನಲು ಗಾಳಿ ಸೇರಿಸದ ಅಂಕಿ.

ವಾರಾಂತ್ಯಕ್ಕೆ ಜಾಸ್ತಿ ಬೀಳುವ ಹಿಮ

ಮುನ್ಸೂಚನೆ ನಾಳೆಯದ್ದಾದರೆ ಹಿಮದ ವರದಿ ನಿನ್ನೆಯದ್ದು. ಅಳೆದು ಹೇಳುವುದು, ಇದರಲ್ಲಿ ಮೋಸ ಏನಿರುತ್ತೆ ಅನ್ನಿಸಬಹುದು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಇಬ್ಬರು ಅರ್ಥಶಾಸ್ತ್ರಜ್ಞರು, ಜೊನಾಥನ್ ಝಿನ್‌ಮನ್ ಮತ್ತು ಎರಿಕ್ ಝಿಟ್ಸೆವಿಟ್ಸ್, 2009ರಲ್ಲಿ ಒಂದು ಪ್ರಬಂಧ ಬರೆದರು. ಸ್ಕೀ ರೆಸಾರ್ಟ್‌ಗಳು ತಾವೇ ಕೊಟ್ಟ ವರದಿಗಳನ್ನು ಕೂಡಿಹಾಕಿ ನೋಡಿದಾಗ ವಾರಾಂತ್ಯಗಳಲ್ಲಿ ಶೇ 23ರಷ್ಟು ಜಾಸ್ತಿ ಹಿಮ ಬೀಳುತ್ತಿತ್ತು. ಮೋಡಕ್ಕೆ ಶನಿವಾರ ಭಾನುವಾರ ಗೊತ್ತಿಲ್ಲ, ಟಿಕೆಟ್ ಮಾರುವವರಿಗೆ ಗೊತ್ತು! ಅದಕ್ಕಿಂತ ಮಜಾ ಇರುವುದು ಮುಂದೆ. ಸ್ಕೀ ಮಾಡುವವರು ತಾವೇ ಬೆಟ್ಟದಿಂದ ಹಿಮದ ಸ್ಥಿತಿ ಹೇಳಬಹುದಾದ ಒಂದು ಐಫೋನ್ ಸೌಲಭ್ಯ ಬಂದ ಮೇಲೆ ಈ ಉತ್ಪ್ರೇಕ್ಷೆ ಚೆನ್ನಾಗಿ ಇಳಿಯಿತು. ಫೋನ್ ಸಿಗ್ನಲ್ ಚೆನ್ನಾಗಿದ್ದ ರೆಸಾರ್ಟ್‌ಗಳಲ್ಲಿ ಇನ್ನೂ ಜಾಸ್ತಿ ಇಳಿಯಿತು.

ಸುಳ್ಳು ಹೇಳದೆಯೂ ಅಂಕಿ ಹಿಗ್ಗಿಸಬಹುದು. ಹೊಸ ಹಿಮ ಬಿದ್ದ ಕ್ಷಣದಿಂದ ತನ್ನ ಭಾರಕ್ಕೆ ತಾನೇ ಕುಸಿಯುತ್ತಾ ಹೋಗುತ್ತದೆ. ಒಂದು ಹಲಗೆ ಇಟ್ಟು ದಿನಕ್ಕೊಮ್ಮೆ ಅಳೆದು ಒರೆಸಿದರೆ ಒಂದು ಲೆಕ್ಕ. ಆರು ಗಂಟೆಗೊಮ್ಮೆ ಅಳೆದು, ಒರೆಸಿ, ಎಲ್ಲ ಕೂಡಿಸಿದರೆ ಅದಕ್ಕಿಂತ ಜಾಸ್ತಿ. ಹಲಗೆಯನ್ನು ಎಲ್ಲಿ ಇಟ್ಟಿದ್ದಾರೆ ಅನ್ನೋದೂ ಇದೆ. ಗಾಳಿ ಮರೆಯ, ಹಿಮ ಬಂದು ಕೂರುವ ಮೂಲೆಯಲ್ಲಿಟ್ಟರೆ ಯಾರು ಕೇಳಬೇಕು? ನಾನು ಮೊದಲು ನೋಡುವುದು ರೆಸಾರ್ಟಿನ ವೆಬ್ ಕ್ಯಾಮೆರಾ. ಕಂಬದ ಮೇಲೆ, ಬೇಲಿ ಮೇಲೆ ಕೂತ ಹಿಮ ಕಂಡರೆ ಗಾಳಿ ಇರಲಿಲ್ಲ ಅಂತಲೂ ತಿಳಿಯುತ್ತದೆ. ಒಂದೇ ನೋಟಕ್ಕೆ ಎರಡು ಸುದ್ದಿ.

ಸಲಿಕೆ ತೆಗೆದ ಮಧ್ಯಾಹ್ನ

ಇನ್ನೊಂದು ಸಲ, ಫೆಬ್ರವರಿ. ಆ ವರ್ಷ ಡಿಸೆಂಬರಿನಲ್ಲಿ ಸ್ವಲ್ಪ ಬಿದ್ದು, ಆಮೇಲೆ ವಾರಗಟ್ಟಲೆ ಒಣ ಚಳಿ. ಕೊನೆಗೆ ಒಳ್ಳೆ ಹಿಮ ಬಂದಿತ್ತು. ಕಾಂಗ್ಡೋರಿಯಿಂದ ಪಕ್ಕಕ್ಕೆ ಸರಿದ ಒಂದು ಇಳಿಜಾರಿನ ಅಂಚಿನಲ್ಲಿ ಚಾಚಾ ನಿಲ್ಲಿಸಿದರು. ಬೆನ್ನುಚೀಲದಿಂದ ಸಲಿಕೆ ತೆಗೆದು, ಜೋಡಿಸಿ, ಅಗೆಯತೊಡಗಿದರು. ನೆಲದ ಹುಲ್ಲು ಕಾಣುವ ತನಕ ಅಗೆದರು. ಗುಂಡಿಯ ಒಂದು ಗೋಡೆಯನ್ನು ಸಲಿಕೆಯಲ್ಲೇ ನಯ ಮಾಡಿ, ಕೈಗವಸಿನ ಮುಷ್ಟಿಯನ್ನು ಗೋಡೆಯ ಮೇಲ್ಭಾಗಕ್ಕೆ ಒತ್ತಿದರು. ಮುಷ್ಟಿ ಸಲೀಸಾಗಿ ಒಳಗೆ ಹೋಯಿತು. ಅದರ ಕೆಳಗೆ ಮುಷ್ಟಿ ಹೋಗಲಿಲ್ಲ, ನಾಲ್ಕು ಬೆರಳು ಹೋದವು. ಇನ್ನೂ ಕೆಳಗೆ ಒಂದೇ ಬೆರಳು. ಒಂದು ಕಡೆ ತೆಳ್ಳನೆ ಗಟ್ಟಿ ಪದರ, ಅಲ್ಲಿಗೆ ಪೆನ್ಸಿಲ್ ಚುಚ್ಚಬೇಕಾಯಿತು. ಅದು ಯಾವುದೋ ಬಿಸಿಲ ದಿನ ಕರಗಿ ಮತ್ತೆ ಹೆಪ್ಪುಗಟ್ಟಿದ್ದು. ಇಷ್ಟು ಹೊತ್ತಿಗೆ ನಾನು ಅಂದುಕೊಂಡದ್ದು ಕೆಳಗೆ ಹೋದ ಹಾಗೆ ಇನ್ನೂ ಗಟ್ಟಿಯಾಗುತ್ತಾ ಹೋಗುತ್ತದೆ ಅಂತ. ನೆಲದಿಂದ ಒಂದು ಗೇಣು ಮೇಲೆ ಚಾಚಾ ಮತ್ತೆ ಮುಷ್ಟಿ ಒತ್ತಿದರು. ಮಣಿಕಟ್ಟಿನ ತನಕ ಒಳಗೆ ಹೋಯಿತು.

ಅಲ್ಲಿಂದ ಒಂದು ಹಿಡಿ ತೆಗೆದು ನನ್ನ ಅಂಗೈಗೆ ಸುರಿದರು. ದಪ್ಪ ಸಕ್ಕರೆಯ ಹಾಗೆ ಒಂದಕ್ಕೊಂದು ಅಂಟದ ಹರಳು. ಒಂದೊಂದೂ ಮೂರು ನಾಲ್ಕು ಮಿಲಿಮೀಟರ್, ಚೂಪು ಅಂಚು, ಮೈಮೇಲೆ ಸಣ್ಣ ಗೆರೆ. ಉಂಡೆ ಕಟ್ಟಲು ನೋಡಿದೆ, ಆಗಲಿಲ್ಲ. ಬೆರಳ ಸಂದಿಯಿಂದ ಸುರಿದು ಹೋಯಿತು. ‘ಇದು ಡಿಸೆಂಬರ್ ಹಿಮ’ ಅಂದರು ಚಾಚಾ. ಆಮೇಲೆ ಸಲಿಕೆ ಅಗಲದ ಒಂದು ಕಂಬ ಕತ್ತರಿಸಿ ಬಿಡಿಸಿ, ಅದರ ತಲೆ ಮೇಲೆ ಸಲಿಕೆ ಇಟ್ಟು ತಟ್ಟಿದರು. ಮೊದಲು ಮಣಿಕಟ್ಟಿನಿಂದ ಹತ್ತು ಏಟು, ಮೆಲ್ಲಗೆ. ಏನೂ ಆಗಲಿಲ್ಲ. ಆಮೇಲೆ ಮೊಣಕೈಯಿಂದ. ಮೂರನೇ ಏಟಿಗೆ ಆ ಸಕ್ಕರೆ ಪದರದ ಮೇಲಿನ ಇಡೀ ಕಂಬ ಒಂದೇ ಗಡ್ಡೆಯಾಗಿ ನಮ್ಮ ಕಾಲ ಬಳಿ ಜಾರಿತು. ಭುಜದಿಂದ ಹೊಡೆಯುವ ಹತ್ತು ಏಟು ಇನ್ನೂ ಬಾಕಿ ಇತ್ತು. ಯಾರೂ ಮಾತಾಡಲಿಲ್ಲ. ಬಂದ ದಾರಿಯಲ್ಲೇ ವಾಪಸ್ ಹೋದೆವು.

ಕಾರಣ ಕೇಳಿದರೆ ಬಹಳ ಸರಳ. ನೆಲ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಮೋಡವಿಲ್ಲದ ರಾತ್ರಿ ಹಿಮದ ಮೇಲ್ಮೈ ಮೈನಸ್ 12, 15ಕ್ಕೆ ಹೋಗುತ್ತದೆ. ಹಿಮ ಎರಡು ಮೀಟರ್ ಇದ್ದರೆ ಆ ವ್ಯತ್ಯಾಸ ಹಂಚಿಹೋಗುತ್ತದೆ. ಬರೀ 40 ಸೆಂಟಿಮೀಟರ್ ಇದ್ದರೆ? ಹತ್ತು ಸೆಂಟಿಮೀಟರಿಗೆ ಒಂದು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಸಾಕು, ಕೆಳಗಿನ ಆವಿ ಮೇಲೇರುತ್ತಾ ಹರಳುಗಳನ್ನು ಚೂಪಾಗಿ, ಬಿಡಿಬಿಡಿಯಾಗಿ ಬೆಳೆಸುತ್ತದೆ. ಇಲ್ಲಿ ಮೂರು ಡಿಗ್ರಿ! ಕಾಶ್ಮೀರಿಗಳು ಚಿಲ್ಲೈ ಕಲಾನ್ ಅನ್ನುವ ಕಡುಚಳಿಯ ನಲವತ್ತು ದಿನ ಡಿಸೆಂಬರ್ 21ಕ್ಕೆ ಶುರುವಾಗುತ್ತದೆ. ಆ ನಲವತ್ತು ದಿನದಲ್ಲಿ ಹಿಮ ಕಡಿಮೆ ಬಿದ್ದು ಆಕಾಶ ತಿಳಿಯಾಗಿದ್ದರೆ ನೆಲದ ಹತ್ತಿರ ಈ ಪದರ ಸದ್ದಿಲ್ಲದೆ ತಯಾರಾಗುತ್ತದೆ. ‘ಚಳಿ ಚೆನ್ನಾಗಿದೆ, ಹಿಮ ಕೆಡಲ್ಲ’ ಅಂತ ನಾವು ಖುಷಿಪಡುವ ದಿನಗಳೇ ಅವು.

2024ರ ಜನವರಿ ನೆನಪಿರಬಹುದು. ಹಿಮ ಇಲ್ಲದ ಕಂದು ಬಣ್ಣದ ಗುಲ್ಮಾರ್ಗ್ ಚಿತ್ರಗಳು ಎಲ್ಲ ಪತ್ರಿಕೆಗಳಲ್ಲೂ ಬಂದಿದ್ದವು. ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಮುಂದಕ್ಕೆ ಹಾಕಬೇಕಾಯಿತು. ಫೆಬ್ರವರಿಯಲ್ಲಿ ಹಿಮ ಸುರಿಯಿತು, ಎಲ್ಲರೂ ಓಡಿದರು. 21ಕ್ಕೆ ಕ್ರೀಡಾಕೂಟ ಶುರು. 22ಕ್ಕೆ ಅಫರ್ವತ್ ಇಳಿಜಾರಲ್ಲಿ ಹಿಮಕುಸಿತವಾಗಿ ರಷ್ಯಾದ ಒಬ್ಬ ಸ್ಕೀಯರ್ ಸತ್ತರು. ಅದರ ಹಿಂದಿನ ವರ್ಷ, 2023ರ ಫೆಬ್ರವರಿ 1ರಂದು, ಅದೇ ಬೆಟ್ಟದಲ್ಲಿ ಪೋಲೆಂಡಿನ ಇಬ್ಬರು ಸತ್ತಿದ್ದರು. ಹವಾಮಾನದ ಪುಟದಲ್ಲಿ ‘ಭಾರಿ ಹಿಮಪಾತ’ ಅನ್ನೋದು ಎಲ್ಲರಿಗೂ ಸಿಹಿಸುದ್ದಿ. ಅದರ ಪಕ್ಕದಲ್ಲೇ ಇನ್ನೊಂದು ಪುಟ ಇರುತ್ತದೆ, ಹಿಮಕುಸಿತದ ಎಚ್ಚರಿಕೆ. ಚಂಡೀಗಢದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಜಿಆರ್‌ಇ ಇದನ್ನು ಜಿಲ್ಲಾವಾರು ಕೊಡುತ್ತದೆ. ಗುಲ್ಮಾರ್ಗ್ ಬರುವುದು ಬಾರಾಮುಲ್ಲಾ ಜಿಲ್ಲೆಗೆ. ‘ಇಷ್ಟು ಮೀಟರಿನಿಂದ ಮೇಲೆ ಮಧ್ಯಮ ಅಪಾಯ’ ಅಂತ ಇರುತ್ತದೆ. ಮಧ್ಯಮ ಅಂದ ಕೂಡಲೇ ಪರವಾಗಿಲ್ಲ ಅಂದುಕೊಳ್ಳುವವರೇ ಜಾಸ್ತಿ. ಯುರೋಪಿನಲ್ಲಿ ಬಳಸುವ ಐದು ಹಂತದ ಅಳತೆಯಲ್ಲಿ ತುಂಬಾ ಸಾವು ಆಗುವುದು ನಡುವಿನ ಮೂರನೇ ಹಂತದ ದಿನಗಳಲ್ಲಿ. ನಾಲ್ಕು, ಐದು ಅಂದರೆ ಜನ ಹೆದರಿ ಮನೆಯಲ್ಲಿ ಇರುತ್ತಾರೆ. ಮೂರು ಅಂದರೆ ಹೊರಡುತ್ತಾರೆ. ಗೊಂಡೋಲಾ ಓಡುತ್ತಿದೆ ಅನ್ನೋದನ್ನು ಬೆಟ್ಟ ಸುರಕ್ಷಿತ ಅಂತ ಓದುವವರೂ ಇದ್ದಾರೆ. ಗೊಂಡೋಲಾ ಓಡಲು ಗಾಳಿ ಕಡಿಮೆ ಇದ್ದರೆ ಸಾಕು, ಅದಕ್ಕೆ ಡಿಸೆಂಬರ್ ಪದರದ ಚಿಂತೆ ಇಲ್ಲ.

ಮಾರ್ಚಿನಲ್ಲಿ ಗಡಿಯಾರ

ಮಾರ್ಚಿಗೆ ಬಂದರೆ ಎಲ್ಲ ಲೆಕ್ಕವೂ ಬದಲು. ಆಗ ಎಷ್ಟು ಬಿತ್ತು ಅನ್ನೋದು ಹಿಂದೆ ಸರಿದು, ರಾತ್ರಿ ಮೋಡ ಇತ್ತಾ ಅನ್ನೋದು ಮುಂದೆ ಬರುತ್ತದೆ. ತಿಳಿ ಆಕಾಶದ ರಾತ್ರಿ ಹಿಮ ತನ್ನ ಶಾಖವನ್ನು ಮೇಲಕ್ಕೆ ಬಿಟ್ಟುಕೊಂಡು, ಸುತ್ತಲ ಗಾಳಿಗಿಂತಲೂ ತಣ್ಣಗಾಗುತ್ತದೆ. ಗಾಳಿ 1 ಡಿಗ್ರಿ ಇದ್ದರೂ ಮೇಲ್ಮೈ ಗಟ್ಟಿ ಹೆಪ್ಪುಗಟ್ಟಬಹುದು. ಮೋಡ ಮುಚ್ಚಿದ್ದರೆ ಆ ಶಾಖ ವಾಪಸ್ ಬರುತ್ತದೆ, ಮೈನಸ್ 1 ಇದ್ದರೂ ಬೆಳಗ್ಗೆ ಕಾಲಿಟ್ಟರೆ ಹೂತುಹೋಗುತ್ತದೆ. ಕನಿಷ್ಠ ಉಷ್ಣಾಂಶ ಮಾತ್ರ ನೋಡಿದರೆ ಇದು ತಿಳಿಯುವುದಿಲ್ಲ, ಅದರ ಪಕ್ಕದ ಮೋಡದ ಶೇಕಡಾ ನೋಡಬೇಕು.

ಗಟ್ಟಿಯಾದ ದಿನ ಬೆಳಗ್ಗೆ ಎಂಟಕ್ಕೆ ಹೋದರೆ ಅದು ಗಾಜು. ಸ್ಕೀ ಅಂಚು ಕಚ್ಚುವುದಿಲ್ಲ, ಕೆರೆದು ಸದ್ದು ಮಾಡುತ್ತದೆ, ಬಿದ್ದರೆ ನಿಲ್ಲುವುದಿಲ್ಲ. ಬಿಸಿಲು ತಾಗಿ ಮೇಲಿನ ಎರಡು ಮೂರು ಸೆಂಟಿಮೀಟರ್ ಮೆದುವಾಗಬೇಕು. ಪೂರ್ವಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಮೊದಲು, ದಕ್ಷಿಣದಲ್ಲಿ ಆಮೇಲೆ, ಪಶ್ಚಿಮದಲ್ಲಿ ಕೊನೆಗೆ. ಚಾಚಾ ಇದಕ್ಕೆ ಬೂಟಿನ ಹಿಮ್ಮಡಿ ಬಳಸುತ್ತಿದ್ದರು. ಹಿಮ್ಮಡಿ ಒತ್ತಿದರೆ ಬೆರಳಗಲ ಇಳಿಯಬೇಕು, ಕೆಳಗೆ ಗಟ್ಟಿ ಸಿಗಬೇಕು. ಅಷ್ಟಾದರೆ ಹೊರಡು. ಪಾದ ಪೂರ್ತಿ ಇಳಿದರೆ ಹೊತ್ತು ಮೀರಿತು. ಹತ್ತೂವರೆಗೆ ಶುರು ಮಾಡಿದ ಇಳಿಜಾರನ್ನು ಹನ್ನೆರಡಕ್ಕೆ ಬಿಟ್ಟು ಬರುತ್ತಿದ್ದರು, ನಾವು ಎಷ್ಟೇ ಗೋಗರೆದರೂ. ಆಗ ಉತ್ತರಕ್ಕೆ ಮುಖ ಮಾಡಿದ ನೆರಳಿನ ಕಡೆ ಹೋಗಬಹುದು, ಅಲ್ಲಿ ಹಳೇ ಒಣ ಹಿಮ ಇನ್ನೂ ಎರಡು ಗಂಟೆ ಹಾಗೇ ಸಿಗುತ್ತದೆ. ಆದರೆ ಬಿಸಿಲು ಮುಟ್ಟದ ಆ ನೆರಳಿನಲ್ಲಿ ಡಿಸೆಂಬರ್ ಹರಳುಗಳೂ ಹಾಗೇ ಕೂತಿರಬಹುದು. ಅಲ್ಲಿಗೆ ಹೋಗುವ ಮುಂಚೆ ಚಾಚಾ ಮತ್ತೆ ಸಲಿಕೆ ಜೋಡಿಸುತ್ತಿದ್ದರು.